ಷಾರ್ಲೆಟ್‌ನಲ್ಲೊಂದು ಬಾಡಿಗೆ ಮನೆ: ಹೊರದೇಶದವರು ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

2025ರ ಬೇಸಿಗೆಯಲ್ಲಿ ಹಾಸನದಿಂದ ನನ್ನ ಭಾವನವರು ದೂರವಾಣಿಯಲ್ಲಿ ಕೇಳಿದರು: "ಸಕಲೇಶಪುರದ ತೋಟ ಮಾರಿದ್ದಾಯಿತು. ಆ ಹಣದಲ್ಲಿ ನಿಮ್ಮ ಊರಿನಲ್ಲಿ ಒಂದು ಮನೆ ತೆಗೆದು ಬಾಡಿಗೆಗೆ ಬಿಟ್ಟರೆ ಹೇಗೆ? ಡಾಲರಿನಲ್ಲಿ ಬಾಡಿಗೆ ಬರುತ್ತದಲ್ಲ!" ಅಮೆರಿಕದ ಯಾವ ಊರಿನಲ್ಲಿರುವ ಕನ್ನಡಿಗರಿಗೂ ಈ ಪ್ರಶ್ನೆ ಹೊಸದಲ್ಲ. ಅಮೆರಿಕದಲ್ಲಿ ವಾಸದ ಮನೆಗಳನ್ನು ಕೊಳ್ಳುವ ಹೊರದೇಶದವರ ಸಾಲಿನಲ್ಲಿ ಭಾರತೀಯರು ಹಲವು ವರ್ಷಗಳಿಂದ ಮುಂಚೂಣಿಯಲ್ಲಿದ್ದಾರೆ. ಭಾವನವರಿಗೆ ಉತ್ತರ ಹೇಳಲು ನಾನು ಎರಡು ತಿಂಗಳು ನಿಯಮಗಳನ್ನು ಓದಿದೆ. ಲೆಕ್ಕಿಗರೊಬ್ಬರನ್ನೂ ವಕೀಲರೊಬ್ಬರನ್ನೂ ಕಂಡೆ. ಆಗ ತಿಳಿದುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಅಮೆರಿಕದಲ್ಲಿ ಮನೆ ಕೊಳ್ಳುವುದು ಹೊರದೇಶದವರಿಗೆ ಕಷ್ಟವಲ್ಲ. ನಾರ್ತ್ ಕ್ಯಾರೊಲೈನಾದಲ್ಲಿ ಭಾರತೀಯ ಪ್ರಜೆಯೊಬ್ಬರು ವಾಸದ ಮನೆ ಕೊಳ್ಳಲು ವೀಸಾ ಬೇಕಿಲ್ಲ, ವಿಶೇಷ ಅನುಮತಿಯೂ ಬೇಕಿಲ್ಲ. ಆದರೆ ಕೊಂಡ ಮೇಲೆ ಕಾನೂನು ಅವರನ್ನು ಮೂರು ಕಡೆ ತಡೆದು ನಿಲ್ಲಿಸುತ್ತದೆ: ಬಾಡಿಗೆ ಬರುವಾಗ, ಮನೆ ಮಾರುವಾಗ, ಮತ್ತು ಮಾಲೀಕರು ತೀರಿಕೊಂಡಾಗ. ಮೊದಲ ಎರಡರ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಮೂರನೆಯದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನಷ್ಟ ಹೆಚ್ಚಿರುವುದು ಅಲ್ಲಿಯೇ.

ಷಾರ್ಲೆಟ್ ಏಕೆ?

ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ರಾಣಿ ಷಾರ್ಲೆಟ್‌ಳ ಹೆಸರನ್ನು ಹೊತ್ತ ಈ ಊರಿನಲ್ಲಿ 2020ರ ಜನಗಣತಿಯಂತೆ 8,74,579 ಜನರಿದ್ದರು. ಬ್ಯಾಂಕ್ ಆಫ್ ಅಮೆರಿಕದ ಕೇಂದ್ರ ಕಚೇರಿ ಇಲ್ಲಿದೆ. ಟ್ರುಯಿಸ್ಟ್ ಬ್ಯಾಂಕಿನ ಕೇಂದ್ರವೂ ಇಲ್ಲಿಯೇ. ಬ್ಯಾಂಕುಗಳ ಬೆನ್ನಿಗೆ ತಂತ್ರಾಂಶದ ಕೆಲಸಗಳು ಬಂದವು, ಆ ಕೆಲಸಗಳೊಂದಿಗೆ ನಮ್ಮವರೂ ಬಂದರು. ದಕ್ಷಿಣದ ಬ್ಯಾಲಂಟೈನ್, ವಿಶ್ವವಿದ್ಯಾಲಯದ ಸುತ್ತಣ ಬಡಾವಣೆಗಳು, ಗಡಿಯಾಚೆ ಸೌತ್ ಕ್ಯಾರೊಲೈನಾದ ಫೋರ್ಟ್ ಮಿಲ್, ಇಲ್ಲೆಲ್ಲ ಭಾರತೀಯ ಕುಟುಂಬಗಳು ನೆಲೆಸಿವೆ. 2007ರಲ್ಲಿ ಆರಂಭವಾದ ಬ್ಲೂ ಲೈನ್ ರೈಲು 2018ರಲ್ಲಿ ವಿಶ್ವವಿದ್ಯಾಲಯದವರೆಗೂ ಬೆಳೆದ ಮೇಲೆ ಆ ಭಾಗದ ಬಾಡಿಗೆಗೆ ಇನ್ನಷ್ಟು ಬೇಡಿಕೆ ಬಂದಿತು.

ಈ ಬೇಡಿಕೆಯನ್ನು ದೊಡ್ಡ ಬಂಡವಾಳದವರು ನಮಗಿಂತ ಮೊದಲೇ ಕಂಡುಕೊಂಡರು. 2008ರ ಕುಸಿತದ ನಂತರ ಇನ್ವಿಟೇಷನ್ ಹೋಮ್ಸ್, ಅಮೆರಿಕನ್ ಹೋಮ್ಸ್ ಫೋರ್ ರೆಂಟ್ ಮೊದಲಾದ ಕಂಪನಿಗಳು ಅಟ್ಲಾಂಟಾ ಮತ್ತು ಷಾರ್ಲೆಟ್‌ನಲ್ಲಿ ಸಾವಿರಾರು ಮನೆಗಳನ್ನು ಬಾಡಿಗೆಗಾಗಿಯೇ ಕೊಂಡವು. ಅದರ ಪರಿಣಾಮವಾಗಿ ಹಲವು ಬಡಾವಣೆಗಳ ಮನೆಮಾಲೀಕರ ಸಂಘಗಳು ಬಾಡಿಗೆಗೆ ಕೊಡುವ ಮನೆಗಳ ಸಂಖ್ಯೆಗೆ ಮಿತಿ ಹಾಕಿಕೊಂಡಿವೆ. ಕೆಲವೆಡೆ ಕೊಂಡ ಮೊದಲ ವರ್ಷ ಬಾಡಿಗೆಗೆ ಕೊಡುವಂತೆಯೇ ಇಲ್ಲ. ಆದ್ದರಿಂದ ಮನೆಯನ್ನು ನೋಡುವ ಮೊದಲು ಸಂಘದ ನೋಂದಾಯಿತ ಕರಾರನ್ನು ಓದಬೇಕು.

ಹೊರದೇಶದವರೆಂದರೆ ಯಾರು?

ಇಲ್ಲಿ ಪಾಸ್‌ಪೋರ್ಟಿನ ಬಣ್ಣ ಮುಖ್ಯವಲ್ಲ. ಆದಾಯ ತೆರಿಗೆಯ ದೃಷ್ಟಿಯಲ್ಲಿ ಗ್ರೀನ್ ಕಾರ್ಡ್ ಉಳ್ಳವರು ಮತ್ತು ನಿಗದಿತ ದಿನಗಳಿಗಿಂತ ಹೆಚ್ಚು ಕಾಲ ಇಲ್ಲಿ ಇದ್ದವರು ನಿವಾಸಿಗಳು. ಎಚ್-1ಬಿ ವೀಸಾದಲ್ಲಿ ವರ್ಷವಿಡೀ ಇಲ್ಲಿ ದುಡಿಯುವ ಕನ್ನಡಿಗ ತೆರಿಗೆಯ ಮಟ್ಟಿಗೆ ಹೊರಗಿನವನಲ್ಲ. ಅದೇ ವ್ಯಕ್ತಿ ಕೆಲಸ ಬಿಟ್ಟು ಮೈಸೂರಿಗೆ ಮರಳಿ, ಇಲ್ಲಿನ ಮನೆಯನ್ನು ಬಾಡಿಗೆಗೆ ಬಿಟ್ಟುಹೋದರೆ ಹೊರಗಿನವನಾಗುತ್ತಾನೆ. ಹೊಸದಾಗಿ ಏನನ್ನೂ ಕೊಳ್ಳದೆಯೇ ವಿದೇಶಿ ಮಾಲೀಕರಾದ ಇಂತಹ ಕುಟುಂಬಗಳು ನನ್ನ ಪರಿಚಯದಲ್ಲಿಯೇ ಮೂರಿವೆ.

ಮರಣಾನಂತರದ ತೆರಿಗೆಗೆ ಮಾತ್ರ ಬೇರೆ ಅಳತೆ. ಅಲ್ಲಿ ದಿನಗಳ ಎಣಿಕೆಯಿಲ್ಲ; ಆ ವ್ಯಕ್ತಿ ಅಮೆರಿಕವನ್ನು ತನ್ನ ಶಾಶ್ವತ ನೆಲೆ ಎಂದು ತಿಳಿದು ಇಲ್ಲಿ ಬಾಳಿದನೇ ಎಂಬುದನ್ನು ನೋಡುತ್ತಾರೆ. ಹಾಸನದಲ್ಲಿ ಹುಟ್ಟಿ, ಹಾಸನದಲ್ಲಿಯೇ ಬಾಳುತ್ತಿರುವ ಭಾವನವರು ಎರಡು ಅಳತೆಯಲ್ಲಿಯೂ ಹೊರದೇಶದವರೇ.

ಮನೆ ಕೊಂಡರೆ ವೀಸಾ ಸಿಗುತ್ತದೆಂಬ ನಂಬಿಕೆ ನಮ್ಮ ಊರುಗಳಲ್ಲಿ ಬಲವಾಗಿದೆ. ಅದು ಸುಳ್ಳು. ಬಾಡಿಗೆ ಮನೆಯ ಒಡೆತನದಿಂದ ಇಲ್ಲಿ ವಾಸಿಸುವ ಯಾವ ಹಕ್ಕೂ ಹುಟ್ಟುವುದಿಲ್ಲ.

ಹಣ ಭಾರತದಿಂದ ಹೊರಡುವ ದಾರಿ

ಭಾರತದ ನಿವಾಸಿಗಳು ಹೊರದೇಶದಲ್ಲಿ ಆಸ್ತಿ ಕೊಳ್ಳಲು ಸಾಮಾನ್ಯವಾಗಿ ಹಿಡಿಯುವ ದಾರಿ, ಬ್ಯಾಂಕಿನವರು ಎಲ್‌ಆರ್‌ಎಸ್ ಎಂದು ಕರೆಯುವ ಹಣ ರವಾನೆ ಯೋಜನೆ. ರಿಸರ್ವ್ ಬ್ಯಾಂಕು 2004ರಲ್ಲಿ ವರ್ಷಕ್ಕೆ 25,000 ಡಾಲರಿನ ಮಿತಿಯೊಂದಿಗೆ ಆರಂಭಿಸಿದ ಈ ಯೋಜನೆಯಲ್ಲಿ ಈಗ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್ ಕಳುಹಿಸಬಹುದು. 4,00,000 ಡಾಲರಿನ ಮನೆಗೆ ಅದು ಸಾಲದು. ಗಂಡ ಹೆಂಡತಿ ಇಬ್ಬರೂ ಕಳುಹಿಸಬಹುದು. ಆದರೆ ಇಬ್ಬರ ಹೆಸರೂ ಕ್ರಯಪತ್ರದಲ್ಲಿರಬೇಕು. ಈ ರವಾನೆಗಾಗಿ ಭಾರತದ ಬ್ಯಾಂಕುಗಳು ಸಾಲ ಕೊಡುವಂತಿಲ್ಲ.

ಇದರ ಮೇಲೆ ಟಿಸಿಎಸ್ ಇದೆ. 2025ರ ಏಪ್ರಿಲ್‌ನಿಂದ, ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಇಂತಹ ರವಾನೆಗೆ ಬ್ಯಾಂಕು ಶೇಕಡ 20ರಷ್ಟನ್ನು ತೆರಿಗೆಯಾಗಿ ಮೊದಲೇ ವಸೂಲು ಮಾಡುತ್ತದೆ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ ಮನೆಯ ಬೆಲೆ 3 ಕೋಟಿ 40 ಲಕ್ಷ. ಇಬ್ಬರ ವಿನಾಯಿತಿ 20 ಲಕ್ಷ ಕಳೆದರೆ ಉಳಿದ 3 ಕೋಟಿ 20 ಲಕ್ಷಕ್ಕೆ ಟಿಸಿಎಸ್ 64 ಲಕ್ಷ ರೂಪಾಯಿ. ಇದು ನಷ್ಟವಲ್ಲ, ಮುಂದೆ ತೆರಿಗೆ ವಿವರ ಸಲ್ಲಿಸಿದಾಗ ಹೊಂದಿಸಿಕೊಳ್ಳಬಹುದು, ಹೆಚ್ಚಾದುದನ್ನು ಮರಳಿ ಪಡೆಯಬಹುದು. ಆದರೆ ಮನೆಯ ಬೆಲೆಯ ಜೊತೆಗೆ ಆ 64 ಲಕ್ಷವೂ ರವಾನೆಯ ದಿನ ಕೈಯಲ್ಲಿರಬೇಕು. ತೋಟ ಮಾರಿದ ಹಣವನ್ನೆಲ್ಲ ಮನೆಯ ಬೆಲೆಗೆ ಸರಿಹೊಂದಿಸಿಕೊಂಡಿದ್ದ ಭಾವನವರು ಇಲ್ಲಿ ಮೊದಲ ಬಾರಿಗೆ ಸುಮ್ಮನಾದರು.

ಕ್ರಯದ ಪದ್ಧತಿ

ನಮ್ಮಲ್ಲಿ ಉಪನೋಂದಣಿ ಕಚೇರಿಗೆ ಹೋಗಿ ಋಣಭಾರ ಪತ್ರ ತೆಗೆಸುವ ಕೆಲಸವನ್ನು ಇಲ್ಲಿ ವಕೀಲರು ಮಾಡುತ್ತಾರೆ. ನಾರ್ತ್ ಕ್ಯಾರೊಲೈನಾದಲ್ಲಿ ಕ್ರಯದ ಅಂತಿಮ ವ್ಯವಹಾರ ವಕೀಲರ ಮೇಲ್ವಿಚಾರಣೆಯಲ್ಲಿಯೇ ನಡೆಯಬೇಕು. ಅವರು ಹಕ್ಕುಪತ್ರಗಳ ಹಿಂದಿನ ಸರಪಳಿಯನ್ನು ಶೋಧಿಸುತ್ತಾರೆ. ಅದರ ಮೇಲೆ ಕೊಳ್ಳುವವರು ಹಕ್ಕಿನ ವಿಮೆಯನ್ನೂ ತೆಗೆದುಕೊಳ್ಳುತ್ತಾರೆ.

ಈ ರಾಜ್ಯದ್ದೇ ಆದ ಪದ್ಧತಿಯೊಂದನ್ನು ಹೊಸಬರು ಅರಿತಿರಬೇಕು. ಕರಾರಿನ ಸಮಯದಲ್ಲಿ ಎರಡು ಬಗೆಯ ಮುಂಗಡ ಕೊಡುವುದುಂಟು. ಒಂದು ಮೂರನೆಯವರ ಖಾತೆಯಲ್ಲಿ ಇರುತ್ತದೆ. ಪರಿಶೀಲನೆಯ ಅವಧಿಯೊಳಗೆ ಹಿಂದೆ ಸರಿದರೆ ಮರಳಿ ಬರುತ್ತದೆ. ಇನ್ನೊಂದು, ಡ್ಯೂ ಡಿಲಿಜೆನ್ಸ್ ಶುಲ್ಕ, ನೇರವಾಗಿ ಮಾರುವವರ ಕೈ ಸೇರುತ್ತದೆ. ತಪಾಸಣೆಯಲ್ಲಿ ಮನೆಯ ದೋಷ ಕಂಡು ನೀವು ಬಿಟ್ಟುಕೊಟ್ಟರೂ ಆ ಹಣ ಸಾಮಾನ್ಯವಾಗಿ ಹೋದದ್ದೇ. ದೂರದಲ್ಲಿ ಕುಳಿತು ಚಿತ್ರ ನೋಡಿ ಮನೆ ಆರಿಸುವವರಿಗೆ ಇದು ದುಬಾರಿಯಾದೀತು.

ಇನ್ನೊಂದು ಎಚ್ಚರಿಕೆ ರಾಜ್ಯದ ಗಡಿಗೆ ಸಂಬಂಧಿಸಿದ್ದು. ಷಾರ್ಲೆಟ್‌ನಿಂದ ಅರ್ಧ ಗಂಟೆಯ ಫೋರ್ಟ್ ಮಿಲ್‌ನಲ್ಲಿ ಆಸ್ತಿ ಕಂದಾಯ ಕಡಿಮೆ ಎಂದು ಮಧ್ಯವರ್ತಿಗಳು ಹೇಳುವುದುಂಟು. ಅದು ಸ್ವಂತ ಮನೆಯಲ್ಲಿ ವಾಸಿಸುವವರಿಗೆ ನಿಜ. ಸೌತ್ ಕ್ಯಾರೊಲೈನಾದಲ್ಲಿ ಮಾಲೀಕರೇ ವಾಸಿಸುವ ಮನೆಯ ಮೌಲ್ಯದ ಶೇಕಡ 4ರ ಮೇಲೆ ಕಂದಾಯ ಹಾಕುತ್ತಾರೆ. ಬಾಡಿಗೆಗೆ ಕೊಟ್ಟ ಮನೆಗೆ ಅದು ಶೇಕಡ 6. ಅಲ್ಲದೆ ಮಾಲೀಕರ ವಾಸದ ಮನೆಗೆ ಶಾಲೆಗಳ ನಿರ್ವಹಣಾ ತೆರಿಗೆಯಿಂದ ಇರುವ ವಿನಾಯಿತಿ ಬಾಡಿಗೆ ಮನೆಗಿಲ್ಲ. ಎರಡೂ ಸೇರಿ ಕಂದಾಯ ಎರಡು ಪಟ್ಟನ್ನು ಮೀರುವುದು ಸಾಮಾನ್ಯ. ಮಾರುವವರ ಹಳೆಯ ಕಂದಾಯ ರಸೀದಿಯನ್ನು ನೋಡಿ ಲಾಭ ಎಣಿಸಿದವರು ಮರುವರ್ಷ ಬೆಚ್ಚಿಬೀಳುತ್ತಾರೆ. ಷಾರ್ಲೆಟ್ ಇರುವ ಮೆಕ್ಲೆನ್‌ಬರ್ಗ್ ಕೌಂಟಿಯಲ್ಲಿ ಇಂತಹ ಭೇದವಿಲ್ಲ. ನಗರ ಮತ್ತು ಕೌಂಟಿ ಎರಡೂ ಸೇರಿ ನೂರು ಡಾಲರ್ ಮೌಲ್ಯಕ್ಕೆ ಮುಕ್ಕಾಲು ಡಾಲರಿನ ಆಸುಪಾಸು. ಆದರೆ ಅಲ್ಲಿ ನಾಲ್ಕು ವರ್ಷಕ್ಕೊಮ್ಮೆ ಮರುಮೌಲ್ಯಮಾಪನ ನಡೆಯುತ್ತದೆ. 2023ರಲ್ಲಿ ನಡೆದಿದೆ, ಮುಂದಿನದು 2027ರಲ್ಲಿ.

ಮಾಲೀಕ ಮತ್ತು ಬಾಡಿಗೆದಾರ

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿ ನಡೆಯುವುದಿಲ್ಲ. ವರ್ಷದ ಕರಾರಿಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಭದ್ರತಾ ಠೇವಣಿ ಪಡೆಯುವಂತಿಲ್ಲ. ಅದನ್ನು ಮಾಲೀಕರು ಖರ್ಚು ಮಾಡದೆ ಪ್ರತ್ಯೇಕ ಖಾತೆಯಲ್ಲಿ ಇಡಬೇಕು, ಇಲ್ಲವೇ ಅದಕ್ಕೆ ಬಾಂಡ್ ಒದಗಿಸಬೇಕು. ಮನೆ ಖಾಲಿಯಾದ 30 ದಿನಗಳಲ್ಲಿ ಲೆಕ್ಕ ಒಪ್ಪಿಸಬೇಕು. ಬಾಡಿಗೆಗೆ ಸರ್ಕಾರದ ಮಿತಿಯಿಲ್ಲ. ನಗರಗಳು ಅಂತಹ ಮಿತಿ ಹಾಕುವುದನ್ನು ರಾಜ್ಯದ ಕಾನೂನೇ ತಡೆಯುತ್ತದೆ. ಬಾಡಿಗೆ ಕೊಡದವರನ್ನು ತೆರವುಗೊಳಿಸಲು ಮ್ಯಾಜಿಸ್ಟ್ರೇಟರ ಮುಂದೆ ದಾವೆ ಹೂಡಬೇಕು. ಬೀಗ ಬದಲಿಸುವುದಾಗಲಿ ಸಾಮಾನು ಹೊರಗಿಡುವುದಾಗಲಿ ಕಾನೂನಿಗೆ ವಿರುದ್ಧ.

ಹಾಸನದಿಂದ ಇದನ್ನೆಲ್ಲ ನೋಡಿಕೊಳ್ಳಲಾಗದು. ನಿರ್ವಾಹಕರು ಬೇಕು, ಅವರು ರಾಜ್ಯದ ರಿಯಲ್ ಎಸ್ಟೇಟ್ ಆಯೋಗದ ಪರವಾನಗಿ ಉಳ್ಳವರಾಗಿರಬೇಕು. "ನೀನೇ ಅಲ್ಲಿದ್ದೀಯಲ್ಲ" ಎಂಬ ಮಾತು ಬಂದೇ ಬರುತ್ತದೆ, ನನಗೂ ಬಂದಿತು. ನಡುರಾತ್ರಿ ನೀರಿನ ಕೊಳವೆ ಒಡೆದಾಗ ಬಂಧುತ್ವಕ್ಕಿಂತ ಸಂಬಳ ಪಡೆಯುವ ನಿರ್ವಾಹಕರೇ ಲೇಸು ಎಂದು ನಾನು ವಿನಯದಿಂದಲೇ ಹೇಳಿದೆ.

ಮೊದಲನೆಯ ತಡೆ: ಬಾಡಿಗೆ

ಹೊರದೇಶದ ಮಾಲೀಕರ ಬಾಡಿಗೆಗೆ ಎರಡು ಬಗೆಯ ತೆರಿಗೆಯಿದೆ. ಏನನ್ನೂ ಮಾಡದೆ ಸುಮ್ಮನಿದ್ದರೆ ಒಟ್ಟು ಬಾಡಿಗೆಯ ಶೇಕಡ 30. ಯಾವ ಖರ್ಚನ್ನೂ ಕಳೆಯುವಂತಿಲ್ಲ. ನಿರ್ವಾಹಕರೇ ಇದನ್ನು ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಭಾರತ ಮತ್ತು ಅಮೆರಿಕದ ನಡುವೆ 1989ರಲ್ಲಿ ಆದ ತೆರಿಗೆ ಒಪ್ಪಂದವೂ ಸ್ಥಿರಾಸ್ತಿಯ ಬಾಡಿಗೆಗೆ ಈ ದರವನ್ನು ಇಳಿಸುವುದಿಲ್ಲ. ಎರಡನೆಯ ಬಗೆ, ಬಾಡಿಗೆಯನ್ನು ಇಲ್ಲಿನ ವ್ಯವಹಾರದ ಆದಾಯವೆಂದು ಪರಿಗಣಿಸುವಂತೆ ಆಯ್ಕೆ ಮಾಡಿಕೊಳ್ಳುವುದು. ಆಗ ಖರ್ಚು ಕಳೆದು ಉಳಿದುದಕ್ಕೆ ಮಾತ್ರ ಎಲ್ಲರಂತೆ ಹಂತಹಂತದ ದರ.

ಒಂದು ಉದಾಹರಣೆ ನೋಡೋಣ. 4,00,000 ಡಾಲರಿನ ಮನೆ, ತಿಂಗಳಿಗೆ 2,200 ಬಾಡಿಗೆ, ವರ್ಷಕ್ಕೆ 26,400. ಮೊದಲ ಬಗೆಯಲ್ಲಿ ತೆರಿಗೆ 7,920 ಡಾಲರ್. ಎರಡನೆಯ ಬಗೆಯಲ್ಲಿ ಕಂದಾಯ 3,100, ವಿಮೆ 1,800, ಸಂಘದ ವಂತಿಗೆ 600, ನಿರ್ವಾಹಕರಿಗೆ 2,640, ದುರಸ್ತಿಗೆ 2,400, ಒಟ್ಟು 10,540 ಕಳೆದರೆ ಉಳಿಯುವುದು 15,860. ಇದರಿಂದ ಕಟ್ಟಡದ ಸವಕಳಿಯನ್ನೂ ಕಳೆಯಬಹುದು. ವಾಸದ ಮನೆಗೆ ಸವಕಳಿಯ ಅವಧಿ 27.5 ವರ್ಷ, ನೆಲಕ್ಕೆ ಸವಕಳಿಯಿಲ್ಲ. ಕಟ್ಟಡದ ಪಾಲು 3,20,000 ಆದರೆ ವರ್ಷದ ಸವಕಳಿ 11,636. ತೆರಿಗೆಗೆ ಸಿಗುವ ಆದಾಯ 4,224 ಮಾತ್ರ. ಶೇಕಡ 10ರ ಮೊದಲ ಹಂತದಲ್ಲಿ ತೆರಿಗೆ 422 ಡಾಲರ್. 7,920 ಎಲ್ಲಿ, 422 ಎಲ್ಲಿ! ಇದರ ಮೇಲೆ ನಾರ್ತ್ ಕ್ಯಾರೊಲೈನಾದ ಆದಾಯ ತೆರಿಗೆ ಬೇರೆ. 2025ಕ್ಕೆ ಅದರ ದರ ಶೇಕಡ 4.25.

ಈ ಲಾಭ ತಾನಾಗಿ ಬರುವುದಿಲ್ಲ. ಐಟಿಐಎನ್ ಎಂಬ ತೆರಿಗೆ ಸಂಖ್ಯೆ ಪಡೆಯಬೇಕು, ನಿರ್ವಾಹಕರಿಗೆ ಡಬ್ಲ್ಯೂ-8ಇಸಿಐ ನಮೂನೆ ಕೊಡಬೇಕು, ಪ್ರತಿವರ್ಷ 1040-ಎನ್‌ಆರ್ ವಿವರ ಸಲ್ಲಿಸಬೇಕು. ಕಡೆಯ ದಿನ ಕಳೆದು 16 ತಿಂಗಳಾದರೂ ಸಲ್ಲಿಸದಿದ್ದರೆ ಖರ್ಚು ಕಳೆಯುವ ಹಕ್ಕೇ ಕೈತಪ್ಪಬಹುದು. ಮೈಸೂರಿಗೆ ಮರಳಿದ ನನ್ನ ಮಿತ್ರರೊಬ್ಬರು, ಖರ್ಚು ಕಳೆದರೆ ಏನೂ ಉಳಿಯುವುದಿಲ್ಲವೆಂದು ನಾಲ್ಕು ವರ್ಷ ವಿವರವನ್ನೇ ಸಲ್ಲಿಸಲಿಲ್ಲ. ಅವರ ನಿರ್ವಾಹಕರೂ ನಮೂನೆ ಕೇಳಲಿಲ್ಲ. ಕೊನೆಗೆ ಮನೆ ಮಾರಲು ಹೊರಟಾಗ ಹಳೆಯ ವರ್ಷಗಳ ಒಟ್ಟು ಬಾಡಿಗೆಯ ಮೇಲೆ ತೆರಿಗೆ ಲೆಕ್ಕ ಎದುರಾಯಿತು.

ಭಾರತದಲ್ಲಿಯೂ ಈ ಬಾಡಿಗೆಗೆ ತೆರಿಗೆಯುಂಟು. ಇಲ್ಲಿ ಕಟ್ಟಿದುದನ್ನು ಅಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಅಲ್ಲಿ ಮನೆ ಬಾಡಿಗೆಗೆ ಸವಕಳಿಯ ರಿಯಾಯಿತಿಯಿಲ್ಲ. ಕಂದಾಯ ಕಳೆದ 23,300ರಲ್ಲಿ ಶೇಕಡ 30 ಬಿಟ್ಟು 16,310ಕ್ಕೆ ತೆರಿಗೆ. ಶೇಕಡ 30ರ ಹಂತದವರಿಗೆ ಎರಡೂ ದೇಶ ಸೇರಿ ಸುಮಾರು 4,900 ಡಾಲರ್ ಹೋಗುತ್ತದೆ. ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ 11,000. ಹೂಡಿದ ಹಣದ ಶೇಕಡ 2.7. ಒಂದು ತಿಂಗಳು ಮನೆ ಖಾಲಿ ಬಿದ್ದರೆ ಇನ್ನೂ ಕಡಿಮೆ. ಮಿಕ್ಕ ಲಾಭವೆಲ್ಲ ಮನೆಯ ಬೆಲೆ ಏರುವುದನ್ನೂ ರೂಪಾಯಿ ಇಳಿಯುವುದನ್ನೂ ನೆಚ್ಚಿಕೊಂಡದ್ದು. ಇದರ ಜೊತೆಗೆ, ಭಾರತದ ತೆರಿಗೆ ವಿವರದಲ್ಲಿ ಹೊರದೇಶದ ಆಸ್ತಿಯನ್ನು ಪ್ರತಿವರ್ಷ ತಪ್ಪದೆ ತೋರಿಸಬೇಕು. 2015ರ ಕಪ್ಪುಹಣದ ಕಾಯ್ದೆಯಂತೆ, ತೋರಿಸದಿದ್ದರೆ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಎರಡನೆಯ ತಡೆ: ಮಾರಾಟ

1980ರ ಫರ್ಪ್ಟಾ ಕಾನೂನಿನಂತೆ, ಹೊರದೇಶದವರಿಂದ ಮನೆ ಕೊಳ್ಳುವವರು ಮಾರಾಟದ ಬೆಲೆಯ ಶೇಕಡ 15ನ್ನು ಹಿಡಿದು 20 ದಿನಗಳೊಳಗೆ ತೆರಿಗೆ ಇಲಾಖೆಗೆ ಕಟ್ಟಬೇಕು. ಕಡಿತ ಲಾಭದ ಮೇಲಲ್ಲ, ಬೆಲೆಯ ಮೇಲೆ. ಕೊಂಡ 4,00,000ಕ್ಕೇ ಮಾರಿದರೂ 60,000 ಡಾಲರ್ ಇಲಾಖೆಯಲ್ಲಿ ಕೂರುತ್ತದೆ. ಕೊಳ್ಳುವವರು ತಮ್ಮ ವಾಸಕ್ಕೆಂದೇ ಕೊಂಡು, ಬೆಲೆ 3,00,000 ಮೀರದಿದ್ದರೆ ಕಡಿತವಿಲ್ಲ. 10,00,000 ಮೀರದಿದ್ದರೆ ಶೇಕಡ 10. ಹೆಚ್ಚಾಗಿ ಹಿಡಿದ ಹಣ ಮುಂದಿನ ವರ್ಷ ವಿವರ ಸಲ್ಲಿಸಿದಾಗ ಮರಳುತ್ತದೆ. ಕ್ರಯದ ದಿನಕ್ಕೆ ಮುಂಚೆಯೇ 8288-ಬಿ ನಮೂನೆಯಲ್ಲಿ ಅರ್ಜಿ ಹಾಕಿದರೆ ಕಡಿತವನ್ನು ನಿಜವಾದ ತೆರಿಗೆಯ ಮಟ್ಟಕ್ಕೆ ಇಳಿಸಿಕೊಳ್ಳಬಹುದು. ಹಿಂದೆ ಪಡೆದ ಸವಕಳಿಗೆ ತಕ್ಕ ಲಾಭದ ಮೇಲೆ ಶೇಕಡ 25ರವರೆಗೂ ತೆರಿಗೆ ಬೀಳುತ್ತದೆಂಬುದನ್ನು ಮರೆಯಬಾರದು.

ಮೂರನೆಯ ತಡೆ: ಮರಣ

ಭಾರತವು 1985ರಲ್ಲಿಯೇ ಮರಣಾನಂತರದ ಆಸ್ತಿ ತೆರಿಗೆಯನ್ನು ತೆಗೆದುಹಾಕಿತು. ಹೀಗಾಗಿ ನಮ್ಮವರ ಲೆಕ್ಕದಲ್ಲಿ ಇದು ಬರುವುದೇ ಇಲ್ಲ. ಅಮೆರಿಕದಲ್ಲಿ ಅದು ಜೀವಂತವಾಗಿದೆ. ಇಲ್ಲಿನ ಪ್ರಜೆಗಳಿಗೂ ನೆಲೆಸಿದವರಿಗೂ ಕೋಟಿ ಡಾಲರ್ ಮೀರಿದ ವಿನಾಯಿತಿ ಇರುವುದರಿಂದ ಸಾಮಾನ್ಯರು ಅದನ್ನು ನೆನೆಯಬೇಕಿಲ್ಲ. ಹೊರದೇಶದವರಿಗೆ ಇರುವ ವಿನಾಯಿತಿ ಕೇವಲ 60,000 ಡಾಲರ್. ದರ ಶೇಕಡ 40ರವರೆಗೆ ಏರುತ್ತದೆ. ಈ ತೆರಿಗೆಗೆ ಸಂಬಂಧಿಸಿದಂತೆ ಭಾರತದೊಡನೆ ಯಾವ ಒಪ್ಪಂದವೂ ಇಲ್ಲ.

ಭಾವನವರ ಹೆಸರಿನಲ್ಲಿ ಮಾತ್ರ ಮನೆಯಿದ್ದು, ಬೆಲೆ 4,00,000 ಎಂದಾದರೆ ತೆರಿಗೆ 1,08,800 ಡಾಲರ್. ಅಕ್ಕ ಭಾವ ಇಬ್ಬರೂ ತಮ್ಮ ತಮ್ಮ ಹಣದಿಂದ ಪ್ರತ್ಯೇಕ ಅರ್ಧರ್ಧ ಪಾಲು ಕೊಂಡಿದ್ದರೆ, ಒಬ್ಬರ ಮರಣಕ್ಕೆ 41,800. ಪ್ರಜೆಯಾದ ಹೆಂಡತಿಗೆ ಬಿಟ್ಟುಹೋದ ಆಸ್ತಿಗಿರುವ ವಿನಾಯಿತಿ ಪ್ರಜೆಯಲ್ಲದ ಹೆಂಡತಿಗೆ ಸಾಮಾನ್ಯವಾಗಿ ದೊರೆಯದು. ಮರಣದ ಒಂಬತ್ತು ತಿಂಗಳೊಳಗೆ 706-ಎನ್‌ಎ ವಿವರ ಸಲ್ಲಿಸಬೇಕು. ಉಯಿಲಿನ ವ್ಯವಹಾರಕ್ಕೆ ಇಲ್ಲಿನ ನ್ಯಾಯಾಲಯದ ಬಾಗಿಲಿಗೂ ಬರಬೇಕು.

ತಪ್ಪಿಸಿಕೊಳ್ಳುವ ದಾರಿಗಳೆಂದು ಹೇಳುವವು ಕೆಲವುಂಟು. ಎಲ್‌ಎಲ್‌ಸಿ ಸಂಸ್ಥೆಯ ಹೆಸರಿನಲ್ಲಿ ಕೊಳ್ಳಿ ಎನ್ನುತ್ತಾರೆ. ಅದು ಬಾಡಿಗೆದಾರರ ದಾವೆಯಿಂದ ರಕ್ಷಣೆ ಕೊಟ್ಟೀತು. ಒಬ್ಬರೇ ಒಡೆಯರಾದ ಸಂಸ್ಥೆ ಈ ತೆರಿಗೆಯಿಂದ ಕಾಪಾಡುತ್ತದೆಂದು ನೆಚ್ಚುವಂತಿಲ್ಲ. ಮೇಲಾಗಿ 5472 ಎಂಬ ನಮೂನೆ ತಪ್ಪಿದರೆ 25,000 ಡಾಲರ್ ದಂಡ. ಮನೆಯನ್ನೇ ಮಗಳಿಗೆ ದಾನ ಕೊಟ್ಟರಾಯಿತು ಎನ್ನುವವರೂ ಇದ್ದಾರೆ. ಹೊರದೇಶದವರು ಅಮೆರಿಕದ ಮನೆಯನ್ನು ದಾನ ಮಾಡಿದರೆ, 2025ರಲ್ಲಿ 19,000 ಡಾಲರ್ ಮೀರಿದ ಭಾಗಕ್ಕೆ ದಾನ ತೆರಿಗೆ ಬೀಳುತ್ತದೆ. ಆದರೆ ಭಾರತದಲ್ಲಿರುವ ಹಣವನ್ನು ಮನೆ ಕೊಳ್ಳುವ ಮೊದಲೇ, ಭಾರತದ ಬ್ಯಾಂಕಿನಿಂದ ಇಲ್ಲಿ ನೆಲೆಸಿದ ಮಗಳಿಗೆ ಉಡುಗೊರೆಯಾಗಿ ಕಳುಹಿಸಿದರೆ ಆ ತೆರಿಗೆಯಿಲ್ಲ. ಎಲ್‌ಆರ್‌ಎಸ್ ಮಿತಿ ಮತ್ತು ಟಿಸಿಎಸ್ ಮಾತ್ರ ಹಾಗೆಯೇ ಇರುತ್ತವೆ. ಮಗಳು 1,00,000 ಡಾಲರ್ ಮೀರಿದ ಉಡುಗೊರೆಯನ್ನು 3520 ನಮೂನೆಯಲ್ಲಿ ತಿಳಿಸಬೇಕು. ತೆರಿಗೆಯ ಮಟ್ಟಿಗೆ ಸರಳವಾದ ದಾರಿ ಇದೇ.

ಹಾಸನದಲ್ಲಿ ಆದ ತೀರ್ಮಾನ

ಅಕ್ಕನ ಮಗಳು ಗ್ರೀನ್ ಕಾರ್ಡ್ ಪಡೆದು ಗಂಡನೊಡನೆ ರಾಲಿಯಲ್ಲಿದ್ದಾಳೆ. ಈ ದಾರಿಯನ್ನು ವಿವರಿಸಿದಾಗ ಭಾವನವರು ತುಸು ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅವಳ ಹೆಸರಿನಲ್ಲಿದ್ದರೆ ಅದು ಅವಳ ಮನೆ. ತಿಂಗಳು ತಿಂಗಳು ಬಾಡಿಗೆ ಕಳಿಸಮ್ಮ ಎಂದು ಕೇಳಲು ನನಗೆ ನಾಲಿಗೆ ಏಳುವುದಿಲ್ಲ" ಎಂದರು. ಅವರಿಗೆ ಬೇಕಿದ್ದುದು ಮಗಳಿಗೆ ಆಸ್ತಿ ಮಾಡುವುದಷ್ಟೇ ಅಲ್ಲ. ತೋಟ ಹೋದ ಮೇಲೂ ತಮ್ಮದೇ ಎಂದು ಹೇಳಿಕೊಳ್ಳುವ ಒಂದು ವರಮಾನ. ತೆರಿಗೆಯ ಲೆಕ್ಕದಲ್ಲಿ ಅದಕ್ಕೆ ಕಾಲಂ ಇಲ್ಲ. ಅಕ್ಕ ಫೋನ್ ತೆಗೆದುಕೊಂಡು ಕೇಳಿದ ಪ್ರಶ್ನೆ ಬೇರೆ: "ಇವರಿಗೇನಾದರೂ ಆದರೆ ಒಂಬತ್ತು ತಿಂಗಳಲ್ಲಿ ಆ ಕಾಗದಗಳನ್ನು ಹಿಡಿದು ನಾನು ಎಲ್ಲಿ ಓಡಲಿ?"

ಅವರು ಇಲ್ಲಿ ಮನೆ ಕೊಳ್ಳಲಿಲ್ಲ. ಹಾಸನದಲ್ಲಿಯೇ ಎರಡು ಮನೆಗಳಿರುವ ಕಟ್ಟಡವೊಂದನ್ನು ಕೊಂಡು, ಮಿಕ್ಕ ಹಣವನ್ನು ಬ್ಯಾಂಕಿನಲ್ಲಿಟ್ಟರು. ಇದು ಎಲ್ಲರಿಗೂ ಸಲ್ಲುವ ತೀರ್ಮಾನವೆಂದು ನಾನು ಹೇಳಲಾರೆ. ಮುಂದೆ ಇಲ್ಲಿಗೇ ಬಂದು ನೆಲೆಸಲಿರುವವರಿಗೆ, ಮಕ್ಕಳಿಗೆ ಮನಸಾರೆ ಕೊಡಲು ಸಿದ್ಧರಿರುವವರಿಗೆ, ಹತ್ತು ಹದಿನೈದು ವರ್ಷ ಆ ಹಣದ ಅಗತ್ಯವಿಲ್ಲದವರಿಗೆ ಷಾರ್ಲೆಟ್‌ನ ಮನೆ ಒಳ್ಳೆಯ ಆಸ್ತಿಯಾದೀತು. ಈಗಾಗಲೇ ಇಲ್ಲಿ ಮನೆ ಉಳಿಸಿಕೊಂಡು ಊರಿಗೆ ಮರಳಿರುವವರು, ಈ ವರ್ಷದ ವಿವರ ಸಲ್ಲಿಕೆಯಾಗಿದೆಯೇ, ಮನೆ ಯಾರ ಹೆಸರಿನಲ್ಲಿದೆ ಎಂಬ ಎರಡನ್ನು ಇಂದೇ ನೋಡಿಕೊಳ್ಳುವುದು ಒಳಿತು. ಇಲ್ಲಿನ ದರ ಮತ್ತು ಮಿತಿಗಳು 2025ರವು. ಹೆಜ್ಜೆ ಇಡುವ ಮುನ್ನ ಎರಡೂ ದೇಶಗಳ ತೆರಿಗೆ ಬಲ್ಲ ಲೆಕ್ಕಿಗರನ್ನು ಕಾಣಬೇಕು. ಅವರಿಗೆ ಬಾಡಿಗೆ ಎಷ್ಟು ಬಂದೀತೆಂದು ಕೇಳುವುದಕ್ಕೂ ಮೊದಲು, ಅಕ್ಕ ಕೇಳಿದ ಪ್ರಶ್ನೆಯನ್ನು ಕೇಳಿರಿ.